ಮುಖಪುಟಕ್ಕೆ ಕ್ಲೌಡ್, ಅಂಗಡಿಗೆ ಪಹಣಿ

ನೆಲಮಂಗಲದಲ್ಲಿ ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. 2025ರ ಜನವರಿಯಲ್ಲಿ ಮೈಕ್ರೋಸಾಫ್ಟ್‌ನ ಸತ್ಯ ನಾಡೆಲ್ಲಾ ಬೆಂಗಳೂರಿಗೆ ಬಂದು, ಭಾರತದಲ್ಲಿ ಕ್ಲೌಡ್ ಮತ್ತು ಎಐಗೆ 300 ಕೋಟಿ ಡಾಲರ್ ಹೂಡುತ್ತೇವೆಂದರು. ಅದು ದೊಡ್ಡ ಸುದ್ದಿಯಾಯಿತು. ಅದೇ ತಿಂಗಳು ಸೈಬರ್ ದಾಳಿಯಿಂದ ಸರ್ಕಾರದ ನೋಂದಣಿ ತಾಣ ಕಾವೇರಿ 2.0 ಕುಂಟಿ, ರಾಜ್ಯದಲ್ಲಿ ಆಸ್ತಿ ನೋಂದಣಿ ಸೊರಗಿತು. ನಮ್ಮ ಗಿರಾಕಿಗಳಿಗೆ ಬೇಕಿದ್ದದ್ದು ಪಹಣಿ, ಇ-ಖಾತಾ, ಇಸಿ (ಋಣಭಾರ ಪತ್ರ). 'ಸರ್ವರ್ ಬಂತೇನಣ್ಣ?' ಅನ್ನುವುದೊಂದೇ ಅವರ ಪ್ರಶ್ನೆ. ಯಾವ ಕಂಪನಿಯ ಸರ್ವರ್ ಎಂದು ಕೇಳಿದವರಿಲ್ಲ.

ಹಾಗಾದರೆ ಯಾವುದು ಸುದ್ದಿ ಎಂದು ತಿಳಿಯಲು ಜನ ಗೂಗಲ್‌ನಲ್ಲಿ ಹುಡುಕುವುದನ್ನೇ ಅಳೆಯೋಣವೇ? ಗೂಗಲ್ ಟ್ರೆಂಡ್ಸ್ ಕೊಡುವುದು ಹುಡುಕಿದವರ ಲೆಕ್ಕವಲ್ಲ. ಒಟ್ಟು ಹುಡುಕಾಟದಲ್ಲಿ ಒಂದು ಪದದ ಪಾಲು ಅತಿ ಹೆಚ್ಚಿದ್ದ ಹೊತ್ತನ್ನು 100 ಎಂದಿಟ್ಟು ಉಳಿದದ್ದನ್ನು ಅದಕ್ಕೆ ಹೋಲಿಸುತ್ತದೆ. 'ಅಮೆಜಾನ್' ಎಂದು ಹುಡುಕುವವರಲ್ಲಿ ಸೀರೆ ಕೊಳ್ಳುವವರೂ ಇದ್ದಾರೆ. ಅದರ ಕ್ಲೌಡ್ ಸೇವೆಯಾದ 'ಎಡಬ್ಲ್ಯೂಎಸ್' ಎಂದು ಹುಡುಕುವ ನಮ್ಮೂರ ಹುಡುಗರಿಗೆ ಬೇಕಾಗಿರುವುದು ಕೋರ್ಸು, ಕೆಲಸ. ಕ್ಲೌಡ್ ಗ್ರಾಹಕರೆಂದು ಇವರೆಲ್ಲರನ್ನು ಎಣಿಸಿದರೆ ತಪ್ಪು. ಆದರೂ ಕಂಪನಿ ಹೇಳಿಕೆಯನ್ನು ಹಾಗೇ ಅಚ್ಚು ಹಾಕುವುದಕ್ಕಿಂತ ಈ ಹುಡುಕಾಟವೇ ವಾಸಿ. ಅಲ್ಲಿ ಯಾರದೋ ನಿಜವಾದ ಗರಜು ಇರುತ್ತದೆ.

ಸಂಪಾದಕರೇ, ಮುಂದಿನ ಸಾರಿ ಡಾಲರ್ ಲೆಕ್ಕದ ಪಕ್ಕದಲ್ಲಿ ಸರ್ಕಾರಿ ಸೇವೆಗಳು ಆ ತಿಂಗಳು ಎಷ್ಟು ಗಂಟೆ ನಿಂತಿದ್ದವು ಎಂಬುದನ್ನೂ ಅಚ್ಚು ಹಾಕಿ.