ತೆರೆಯ ಹಿಂದಿನ ಉತ್ತರಗಳು

ತೊಣ್ಣೂರಿಗೆ ಹೋದವರಿಗೆ ಅಲ್ಲಿಯ ಯೋಗನರಸಿಂಹ ದೇವಾಲಯದಲ್ಲಿ ಒಂದು ಐತಿಹ್ಯ ಕೇಳಸಿಗುತ್ತದೆ. ಸಾವಿರ ಮಂದಿ ಜೈನ ಪಂಡಿತರು ಏಕಕಾಲದಲ್ಲಿ ಪ್ರಶ್ನೆಗಳನ್ನೊಡ್ಡಿದರಂತೆ. ರಾಮಾನುಜಾಚಾರ್ಯರು ತೆರೆಯೊಂದನ್ನು ಕಟ್ಟಿಸಿ, ಅದರ ಹಿಂದೆ ಕುಳಿತು, ಸಾವಿರ ಹೆಡೆಯ ಆದಿಶೇಷನ ರೂಪನ್ನು ತಾಳಿ ಎಲ್ಲಕ್ಕೂ ಒಮ್ಮೆಗೇ ಉತ್ತರವಿತ್ತರಂತೆ. ಕಥೆಯ ಸತ್ಯಾಸತ್ಯವನ್ನು ವಿಚಾರಿಸುವುದು ನನ್ನ ಉದ್ದೇಶವಲ್ಲ. ಈಚೆಗೆ ಪ್ರಾಣಿಪ್ರಯೋಗದ ಶಾಲೆಯೊಂದರಲ್ಲಿ ರಕ್ತಪರೀಕ್ಷೆಯ ಸ್ವಯಂಚಾಲಿತ ಯಂತ್ರವನ್ನು ಕಂಡಾಗ ನನಗೆ ನೆನಪಾದುದು ಆ ತೆರೆ. ತೊಟ್ಟಿಗಿಂತಲೂ ಕಡಿಮೆ ರಕ್ತವನ್ನು ಹೀರಿ, ಯಂತ್ರವು ಹತ್ತಾರು ಪ್ರಶ್ನೆಗಳಿಗೆ ಒಮ್ಮೆಗೇ ಉತ್ತರವನ್ನು ಅಚ್ಚುಹಾಕಿ ಕೊಟ್ಟಿತು. ಕಾಗದವನ್ನು ಪಡೆದವರ ಮುಖದಲ್ಲಿ ಭಕ್ತಿಯಿತ್ತು. ತೆರೆಯನ್ನು ಸರಿಸಿ ನೋಡುವ ಕುತೂಹಲ ಮಾತ್ರ ಕಾಣಲಿಲ್ಲ.

ಯಂತ್ರವನ್ನು ಹಳಿಯಲು ನಾನು ಹೊರಟಿಲ್ಲ. ಇಪ್ಪತ್ತೈದು ಗ್ರಾಂ ತೂಗುವ ಇಲಿಮರಿಯಂಥ ಜೀವ, ಪ್ರಯೋಗಶಾಲೆಯ ಬಿಳಿಯ ಚಿಟ್ಟಿಲಿ. ಅದರ ಮೈಯಲ್ಲಿರುವ ರಕ್ತವೆಲ್ಲ ಸೇರಿದರೂ 2 ಮಿಲಿಲೀಟರು ತುಂಬುವುದು ಕಷ್ಟ. ಅದರ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚನ್ನು ಒಮ್ಮೆಗೆ ತೆಗೆಯಬಾರದೆಂಬುದು ಸಾಮಾನ್ಯ ನಿಯಮ. ಹೆಚ್ಚು ರಕ್ತ ಬೇಕಾಗಿದ್ದಾಗ ದಿನಕ್ಕೊಂದು ಗುಂಪಿನಂತೆ ಇಲಿಗಳನ್ನು ಕೊಂದೇ ಲೆಕ್ಕ ಹಿಡಿಯಬೇಕಾಗುತ್ತಿತ್ತು. ಕೆಲವು ಹತ್ತು ಮೈಕ್ರೊಲೀಟರಿನಿಂದಲೇ ತೃಪ್ತವಾಗುವ ಯಂತ್ರ ಬಂದ ಮೇಲೆ ಅದೇ ಇಲಿಯನ್ನು ಬದುಕಿಸಿಕೊಂಡು ದಿನ ಬಿಟ್ಟು ದಿನ ನೋಡಬಹುದಾಯಿತು. ಪ್ರಾಣಿಗಳ ಸಂಖ್ಯೆಯನ್ನು ಕಡಿಮೆಮಾಡಬೇಕೆಂದು ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು 1959ರಲ್ಲಿ ಬರೆದ ಮಾತು ಇಲ್ಲಿ ಕಾರ್ಯರೂಪಕ್ಕೆ ಬಂದಿದೆ. ಇದು ಸಣ್ಣ ಪುಣ್ಯವಲ್ಲ.

ಆದರೆ ತೆರೆಯ ಹಿಂದೆ ಇರುವುದೇನು? ವಾಲೇಸ್ ಕೂಲ್ಟರ್ 1953ರಲ್ಲಿ ಹಕ್ಕುಪತ್ರ ಪಡೆದ ಉಪಾಯ ಬಲು ಸರಳ. ಉಪ್ಪುನೀರಿನಲ್ಲಿ ಬೆರೆತ ರಕ್ತಕಣಗಳು ಸಣ್ಣ ರಂಧ್ರವೊಂದರ ಮೂಲಕ ಒಂದೊಂದಾಗಿ ನುಸುಳುತ್ತವೆ. ನುಸುಳುವಾಗ ಅಲ್ಲಿ ಹರಿಯುತ್ತಿರುವ ವಿದ್ಯುತ್ತಿಗೆ ಕ್ಷಣಮಾತ್ರ ತಡೆಯುಂಟಾಗುತ್ತದೆ. ಕಣ ದೊಡ್ಡದಾದಷ್ಟೂ ತಡೆ ದೊಡ್ಡದು. ಯಂತ್ರಕ್ಕೆ ಕಣ್ಣಿಲ್ಲ, ಅದು ಗಾತ್ರವನ್ನು ಬಲ್ಲುದೇ ಹೊರತು ಕುಲವನ್ನು ಬಲ್ಲದು. ಇಂದಿನ ಯಂತ್ರಗಳು ಬೆಳಕಿನ ಕಿರಣವನ್ನೂ ಬಳಸುತ್ತವೆ. ಆದರೂ ಅವುಗಳದು ಊಹೆಯೇ.

ತೊಣ್ಣೂರು ಕೆರೆಯ ಏರಿಯ ಕಡೆ ಕುರಿ ಮೇಕೆಗಳು ಒಂದೇ ಮಂದೆಯಾಗಿ ಮೇಯುವುದುಂಟು. ಮಂಡ್ಯದ ಸೀಮೆಗೆ ಬಂಡೂರು ಕುರಿಯಿಂದ ಬಂದ ಹೆಸರೇನೂ ಕಡಿಮೆಯದಲ್ಲ. ಕಾಯುವ ಹುಡುಗನಿಗೆ ಕುರಿ ಯಾವುದು, ಮೇಕೆ ಯಾವುದು ಎಂಬುದು ಮಬ್ಬುಗತ್ತಲಲ್ಲಿಯೂ ತಿಳಿಯುತ್ತದೆ. ಯಂತ್ರಕ್ಕೆ ಹೇಳಿಕೊಡಬೇಕು. ಮನುಷ್ಯನ ಕೆಂಪು ಕಣದ ಗಾತ್ರ ಸುಮಾರು 90 ಫೆಮ್ಟೊಲೀಟರಾದರೆ ಕುರಿಯದು ಅದರ ಮೂರರಲ್ಲೊಂದು ಪಾಲು. ಮೇಕೆಯದು ಇನ್ನೂ ಕಿರಿದು, 20ರ ಆಸುಪಾಸು. ಮನುಷ್ಯರಿಗೆಂದು ಹೊಂದಿಸಿದ ಯಂತ್ರಕ್ಕೆ ಮೇಕೆಯ ರಕ್ತವನ್ನು ಕುಡಿಸಿದರೆ ಕೆಂಪು ಕಣವನ್ನು ಕಿರುಬಿಲ್ಲೆಯೆಂದು ಎಣಿಸಿ, ಮೇಕೆಗೆ ಘೋರ ರಕ್ತಹೀನತೆಯೆಂದು ಸಾರಬಹುದು. ಕೋಳಿಯ ಗತಿ ಬೇರೆ. ಅದರ ಕೆಂಪು ಕಣಕ್ಕೆ ಬೀಜಕೇಂದ್ರವುಂಟು. ಕಣ ಒಡೆದರೂ ಕೇಂದ್ರ ಉಳಿದು ಬಿಳಿಯ ಕಣಗಳ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಪಶುಗಳಿಗೆಂದೇ ಹೊಂದಿಸಿದ ಯಂತ್ರಗಳು ಈಗ ಇವೆ, ನಿಜ. ಅವುಗಳಲ್ಲಿಯೂ ಜಾತಿಯ ಹೆಸರನ್ನು ಆರಿಸುವ ಬೆರಳು ಮನುಷ್ಯನದೇ.

ಎಣಿಕೆ ತಪ್ಪಿದರೆ ಆಗುವುದೇನು ಎಂದು ಕೇಳುವವರಿಗೆ ನಮ್ಮ ನಾಡಿನದೇ ನಿದರ್ಶನವುಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕೋತಿಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಹೊಸ ವೈರಸ್ಸನ್ನು ಪತ್ತೆಹಚ್ಚಿದರು. ಅದನ್ನು ಕೋತಿಗಳಿಗೆ ಚುಚ್ಚಿ, ಅವುಗಳ ರಕ್ತ ಬದಲಾಗುವ ಬಗೆಯನ್ನು ಅಭ್ಯಸಿಸಿದ ವರದಿ 1962ರಲ್ಲಿ ಪ್ರಕಟವಾಯಿತು. ಈ ಜ್ವರದಲ್ಲಿ ಬಿಳಿಯ ಕಣಗಳೂ ಕಿರುಬಿಲ್ಲೆಗಳೂ ಇಳಿಯುತ್ತವೆ. ಆದರೆ ರಕ್ತ ತೆಗೆಯುವ ಕೈ ತಡವರಿಸಿದರೂ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಯಂತ್ರ ಆ ಗುಂಪನ್ನು ಲೆಕ್ಕಕ್ಕೆ ಹಿಡಿಯದೆ ‘ಇಳಿದಿದೆ’ ಎಂದೇ ಬರೆಯುತ್ತದೆ. ಇಳಿಸಿದ್ದು ರೋಗವೋ, ಸೂಜಿ ಹಿಡಿದವನ ಕೈಯೋ? ಗಾಜಿನ ಮೇಲೆ ರಕ್ತವನ್ನು ತೆಳುವಾಗಿ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಗುಂಪು ಕಣ್ಣಿಗೆ ಬೀಳುತ್ತದೆ. ಕೆಲವೇ ನಿಮಿಷಗಳ ಕೆಲಸ.

ಸಮಯವಿಲ್ಲ ಎನ್ನುತ್ತಾರೆ. ಯಂತ್ರ ಉಳಿಸಿಕೊಟ್ಟ ಸಮಯವೆಲ್ಲ ಎಲ್ಲಿಗೆ ಹೋಯಿತೆಂದು ಕೇಳುವ ಧೈರ್ಯ ನನಗೆ ಸಾಲದು. 1960ರ ಪ್ರಾಣಿಹಿಂಸಾ ನಿವಾರಣ ಅಧಿನಿಯಮ ಪ್ರಯೋಗವನ್ನು ನಿಷೇಧಿಸಲಿಲ್ಲ. ಹೊಸ ಅರಿವಿಗಾಗಿ, ಜೀವ ಉಳಿಸುವುದಕ್ಕಾಗಿ ನಡೆಯಲೆಂದು ಬಿಟ್ಟಿತು, ತಕ್ಕ ಎಚ್ಚರಿಕೆಯನ್ನೂ ದಯೆಯನ್ನೂ ಬೇಡಿತು. ಆ ಅನುಮತಿಯ ಬುಡದಲ್ಲಿರುವುದು ಅರಿವು. ದೊರೆತ ಅಂಕಿಯೇ ಸುಳ್ಳಾದ ಮೇಲೆ ಅರಿವೆಲ್ಲಿಯದು? ಪ್ರಾಣಿಗಳ ಬಗ್ಗೆ ಅನುಮತಿ ಕೊಡುವ ಸಮಿತಿಗಳು ಪಂಜರದ ಅಳತೆಯನ್ನು ವಿಚಾರಿಸುವಂತೆಯೇ ಯಂತ್ರದ ಹೊಂದಾಣಿಕೆಯನ್ನೂ ಗಾಜಿನ ಲೇಪವನ್ನೂ ವಿಚಾರಿಸಬೇಕೆಂಬುದು ನನ್ನ ಅಭಿಪ್ರಾಯ. ಉಪಾಧ್ಯಾಯರು ವಿದ್ಯಾರ್ಥಿಗಳಿಗೆ ಮೊದಲು ಕಣಗಳನ್ನು ಕೈಯಾರೆ ಎಣಿಸಲು ಕಲಿಸಿ, ಆಮೇಲೆ ಯಂತ್ರದ ಬಳಿಗೆ ಬಿಡಲಿ.

ನಾನು ಕಂಡ ಆ ಶಾಲೆಯಲ್ಲಿ ಸೂಕ್ಷ್ಮದರ್ಶಕವೇನೋ ಇತ್ತು. ಕಿಟಕಿಯ ಬಳಿ, ಹೊದಿಕೆಯ ಕೆಳಗೆ. ಹೊದಿಕೆಯನ್ನು ತೆಗೆದು ಎಷ್ಟು ದಿನವಾಯಿತೆಂದು ಕೇಳಿದೆ. ಯುವಕ ಸಂಶೋಧಕ ಸಂಕೋಚದಿಂದ ನಕ್ಕು, ಬಟ್ಟೆಯನ್ನು ಎತ್ತಿ, ಕರವಸ್ತ್ರದಿಂದ ಮಸೂರವನ್ನು ಒರೆಸತೊಡಗಿದ.