ಯಾರಿಗೆ ಈ ಟೋಪಿ?

ಕ್ರಿಸ್‌ಮಸ್ ಬಂತೆಂದರೆ ಬೆಂಗಳೂರಿನ ಕೆಲವು ಸಾಫ್ಟ್‌ವೇರ್ ಕಚೇರಿಗಳಲ್ಲಿ ನೌಕರರು ಕೆಂಪು ಟೋಪಿ ತೊಟ್ಟು, ಆದ ಕೆಲಸದ ಸಿಂಹಾವಲೋಕನ ನಡೆಸುತ್ತಾರೆ. ಒಳ್ಳೆಯದಾದುದು 'ಉಡುಗೊರೆ'ಯ ಚೀಟಿ, ಕೆಟ್ಟದ್ದು 'ಕಲ್ಲಿದ್ದಲು'. (ತುಂಟ ಮಕ್ಕಳಿಗೆ ಸಾಂಟಾ ಕೊಡುವುದು ಅದನ್ನೇ ಅಂತೆ!) ಹಬ್ಬದ ಮೇಲೆ ನಮಗೆ ಕೋಪವಿಲ್ಲ, ಆಯುಧಪೂಜೆಗೆ ಮಗ್ಗಕ್ಕೆ ಕುಂಕುಮವಿಟ್ಟು ಪುರಿ ತಿಂದವರೇ ನಾವು. ಆದರೆ ಬಡ್ತಿ ಕೊಡುವ ಮ್ಯಾನೇಜರ್ ಎದುರಿಗೇ ಕುಳಿತಿದ್ದರೆ ನೌಕರ ಏನು ಬರೆದಾನು? ಕಾಫಿ ತಣ್ಣಗಿತ್ತು ಎಂದು ಬರೆದಾನು. ರಾತ್ರಿ ಹನ್ನೊಂದರವರೆಗೆ ದುಡಿಸಿದ್ದನ್ನು ಬರೆದಾನೆಯೇ? ಇಂಥ ಸಭೆಗಳ ಬಗ್ಗೆ 2001ರಲ್ಲಿ ಪುಸ್ತಕ ಬರೆದ ನಾರ್ಮನ್ ಕರ್ತ್, ಪ್ರತಿಯೊಬ್ಬನೂ ಕೈಲಾದಷ್ಟು ದುಡಿದಿದ್ದಾನೆಂದು ನಂಬಿ ಕೂರಬೇಕೆಂದರು. ಆ ನಂಬಿಕೆ ಹೋಯಿತು, ಟೋಪಿ ಉಳಿಯಿತು. ಮ್ಯಾನೇಜರನ್ನು ಹೊರಗೆ ಕೂರಿಸಿರಿ. ಚೀಟಿಗೆ ಬರೆದವನ ಹೆಸರು ಬೇಡ. ಪ್ರತಿ ಕಲ್ಲಿದ್ದಲಿನ ಮುಂದೆ ಅದನ್ನು ಸರಿಪಡಿಸಬೇಕಾದವನ ಹೆಸರನ್ನೂ ತಾರೀಖನ್ನೂ ಬರೆಯಿರಿ. ಕೇಕು ಆಮೇಲೆ.