ಕೀಲಿಮಣೆ ಬಲ್ಲ ಕೈ

ಕಾಸರಗೋಡಿನ ಕನ್ನಡ ಮಾಧ್ಯಮದ ಮನೆಗಳಲ್ಲಿ ಒಂದು ಅಳುಕು ಇನ್ನೂ ಉಳಿದಿದೆ: ಪ್ರೋಗ್ರಾಂ ಬರೆಯುವ ವಿದ್ಯೆ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಮಾತ್ರ ಒಲಿಯುವಂಥದ್ದು ಎಂದು. ಈಗಿನ ಪೈಥಾನ್ ಭಾಷೆಯ ಮೀಸಲು ಪದಗಳು ಕೇವಲ 35. ಅಷ್ಟನ್ನು ಕಲಿಯುವುದು ನಮ್ಮ ಮಕ್ಕಳಿಗೆ ಹೊರೆಯಲ್ಲ. ಅವರ ಓಟಕ್ಕೆ ತಡೆಯಾಗುವುದು ಹೆಚ್ಚಾಗಿ ಕೈಯ ಅಲೆದಾಟ. ಅಕ್ಷರ ಹುಡುಕಿ ಒತ್ತುವುದು, ಮೌಸ್ ಹಿಡಿಯುವುದು, ಮತ್ತೆ ಅಕ್ಷರ ಹುಡುಕುವುದು. ಇಷ್ಟರಲ್ಲಿ ಲೆಕ್ಕದ ಎಳೆ ಮನಸ್ಸಿನಿಂದ ಜಾರಿರುತ್ತದೆ.

ಇದಕ್ಕೆ ಪರಿಹಾರ ಹಳೆಯದು. 1976ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ‘ವಿಐ’ ಎಂಬ ಸಂಪಾದಕವನ್ನು ರೂಪಿಸತೊಡಗಿದಾಗ ಅವರ ಮುಂದೆ ಮೌಸ್ ಇರಲಿಲ್ಲ. ಅವರು ಬಳಸುತ್ತಿದ್ದ ಯಂತ್ರದಲ್ಲಿ ಬಾಣದ ಗುರುತುಗಳು ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಇದ್ದವು. ಕರ್ಸರನ್ನು ಸರಿಸಲು ಆ ನಾಲ್ಕು ಕೀಲಿಗಳೇ ಸಾಕಾದವು. 1991ರಲ್ಲಿ ಬಂದ ‘ವಿಮ್’ ಅದೇ ಕ್ರಮವನ್ನು ಮುಂದುವರಿಸಿತು; ಇಂದಿಗೂ ಅನೇಕ ಪರಿಣತರು ಅದನ್ನೇ ಬಳಸುತ್ತಾರೆ.

ವಿದ್ಯಾರ್ಥಿಗಳು ಅಲ್ಲಿಂದ ಆರಂಭಿಸಬೇಕಾಗಿಲ್ಲ. ಮೊದಲ ವಾರ ಬೆರಳ ಸ್ಥಾನವೊಂದೇ ಸಾಕು. ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬುಗಳಿವೆ. ಎರಡೂ ತೋರುಬೆರಳುಗಳ ನೆಲೆ ಅವೇ. ಎರಡನೆಯ ವಾರ ಕಂಟ್ರೋಲ್ ಕೀಲಿಯೊಡನೆ ಎಸ್ ಒತ್ತಿ ಉಳಿಸುವುದು, ಝಡ್ ಒತ್ತಿ ಹಿಂದಿನ ಸ್ಥಿತಿಗೆ ಮರಳುವುದು, ಎಫ್ ಒತ್ತಿ ಪದ ಹುಡುಕುವುದು. ಸಾಲಿನ ಆರಂಭಕ್ಕೆ ಹೋಮ್, ಕೊನೆಗೆ ಎಂಡ್. ಮೂರನೆಯ ವಾರ ಆಲ್ಟ್ ಮತ್ತು ಟ್ಯಾಬ್ ಒತ್ತಿ ಕಿಟಕಿಯಿಂದ ಕಿಟಕಿಗೆ ಹೋಗುವುದು; ಐಡಲ್‌ನಲ್ಲಿ ಎಫ್5 ಒತ್ತಿ ಪ್ರೋಗ್ರಾಂ ನಡೆಸುವುದು. ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಕೂಡಿ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ಅಲ್ಲಿ ಮೇಲ್ಬಾಣವು ಹಿಂದಿನ ಆದೇಶವನ್ನು ಮರಳಿ ತರುತ್ತದೆ. ಕಡತದ ಹೆಸರನ್ನು ಅರ್ಧ ಬರೆದು ಟ್ಯಾಬ್ ಒತ್ತಿದರೆ ಉಳಿದರ್ಧ ತಾನೇ ತುಂಬಿಕೊಳ್ಳುತ್ತದೆ.

ಇನ್ನು ಕನ್ನಡದ ಮಾತು. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ವಿನ್ಯಾಸವನ್ನು ಒಮ್ಮೆ ಸೇರಿಸಿಕೊಂಡರೆ, ಉಬುಂಟುವಿನಲ್ಲಿ ವಿಂಡೋಸ್ ಗುರುತಿನ ಕೀಲಿಯೊಡನೆ ಸ್ಪೇಸ್ ಒತ್ತಿ ಭಾಷೆ ಬದಲಿಸಬಹುದು. ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಡಿ ಕೀಲಿ ಒತ್ತಕ್ಷರದ ಸೇತುವೆ: ಕೆ, ಡಿ, ಕೆ ಒತ್ತಿದರೆ ‘ಕ್ಕ’. ಪೈಥಾನ್ 3ರಲ್ಲಿ ಚರಗಳಿಗೆ ಕನ್ನಡದ ಹೆಸರನ್ನೇ ಇಡಬಹುದೆಂಬುದನ್ನು ಎಷ್ಟೋ ಮಂದಿ ಗಮನಿಸಿಲ್ಲ. ‘ಮೊತ್ತ = 40 + 2’ ಎಂದು ಬರೆದರೆ ಗಣಕವು ಅದನ್ನು ಯಾವ ಆಕ್ಷೇಪವೂ ಇಲ್ಲದೆ ಒಪ್ಪುತ್ತದೆ. ಹಲವರು ಕೂಡಿ ಮಾಡುವ ಕೆಲಸದಲ್ಲಿ ಇಂಗ್ಲಿಷ್ ಹೆಸರುಗಳೇ ರೂಢಿ ಎಂಬುದು ನಿಜ. ಆದರೆ ತರ್ಕವನ್ನು ಮೊದಲು ಅರಿಯುವ ಹಂತದಲ್ಲಿ ತಾಯ್ನುಡಿಯ ಹೆಸರು ಮಗುವಿನ ಊರುಗೋಲಾಗುತ್ತದೆ.

ಹೆತ್ತವರು ಇದಕ್ಕಾಗಿ ಹೊಸ ಯಂತ್ರ ಕೊಳ್ಳಬೇಕಾಗಿಲ್ಲ. ಮನೆಯಲ್ಲಿ ಗಣಕವಿಲ್ಲದಿದ್ದರೆ ರಟ್ಟಿನ ಮೇಲೆ ಕೀಲಿಮಣೆಯನ್ನು ಬರೆದುಕೊಟ್ಟು ದಿನಕ್ಕೆ ಹತ್ತು ನಿಮಿಷ ಬೆರಳಾಡಿಸಲು ಹೇಳಿ. ಶಾಲೆಯ ಪ್ರಯೋಗಾಲಯದಲ್ಲಿ ಸಿಗುವ ಸಮಯ ಅಲ್ಪ. ಆ ಅಲ್ಪ ಸಮಯ ಅಕ್ಷರ ಹುಡುಕುವುದರಲ್ಲಿ ಕಳೆಯದೆ, ಯೋಚಿಸುವುದಕ್ಕೆ ಉಳಿಯಲಿ.